ತೋಟದ ಟ್ರ್ಯಾಕ್ಟರಿಗೆ ಮೂವರು ವೈದ್ಯರು

ಚಿಕ್ಕವಳಿದ್ದಾಗ ನಾನು ಕೇಳಿದ ಕಥೆಯ ಪ್ರಕಾರ, ನಮ್ಮ ಮನೆಯ ಸಣ್ಣ ಟ್ರ್ಯಾಕ್ಟರು ಬಹಳ ಮಾನವಂತ ಯಂತ್ರ. ಬುಕ್ಕಸಾಗರದ ಕಾಲುವೆ ಏರಿಯ ಮೇಲೆ ಯಾರೋ ಒಮ್ಮೆ ಅದನ್ನು ‘ಡಬ್ಬಾ’ ಎಂದು ಕರೆದರಂತೆ. ಅದು ಅಲ್ಲಿಯೇ ನಿಂತುಬಿಟ್ಟಿತಂತೆ. ತಾತ ಕೆಳಗಿಳಿದು, ರುಮಾಲು ತೆಗೆದು, ಕೈಮುಗಿದು ಕ್ಷಮೆ ಕೇಳಿದ ಮೇಲೆಯೇ ಮುಂದೆ ಹೊರಟಿತಂತೆ. “ಕೈ ಮುಗಿಯುವುದಕ್ಕೂ ಹೊರಡುವುದಕ್ಕೂ ನಡುವೆ ತಾತ ಬೇರೇನಾದರೂ ಮಾಡಿದರೇ?” ಎಂದು ನಾನು ಕೇಳಿದ್ದೆ. ಮಜ್ಜಿಗೆ ತರಲು ನನ್ನನ್ನು ಒಳಗೆ ಕಳಿಸಲಾಯಿತು.

ಇಂಥ ಪ್ರಸಂಗಗಳು ನಮ್ಮ ಮನೆಯಲ್ಲಿ ಮುಗಿಯುವುದೇ ಇಲ್ಲ. ಇಂಜಿನ್ ನಿಲ್ಲುವುದು ಒಂದೇ ಕಾರಣಕ್ಕೆ; ಕಾರಣ ಹೇಳುವವರು ಮಾತ್ರ ಹೊಸಪೇಟೆಯಿಂದ ಸಂಡೂರಿನವರೆಗೆ ಇದ್ದಾರೆ.

ಈಚಿನ ಮುಂಗಾರಿನಲ್ಲಿ ಅದು ಮತ್ತೆ ನಿಂತಾಗ ನಾನು ಹೊಸಪೇಟೆಯ ಕಾಲೇಜಿಗೆ ರಜೆ ಹಾಕಿ ಊರಲ್ಲಿದ್ದೆ. ಕಾಲುವೆಗೆ ನೀರು ಬಂದಿತ್ತು. ಸಸಿ ಬಲಿಯುತ್ತಿತ್ತು. ನಮ್ಮ ಗದ್ದೆಗೆ ಹೋಗುವ ದಾರಿ ಬಾಳೆತೋಟಗಳ ನಡುವೆ ಎಷ್ಟು ಇಕ್ಕಟ್ಟಾಗಿದೆಯೆಂದರೆ ದೊಡ್ಡ ಟ್ರ್ಯಾಕ್ಟರುಗಳು ಅಲ್ಲಿ ನುಗ್ಗಲಾರವು. ಕೆಸರು ಹೊಡೆಯಬೇಕಾದದ್ದು ಇದೇ ಮುದುಕ ಯಂತ್ರ. ನಾಟಿ ಹಚ್ಚುವ ಹೆಣ್ಣಾಳುಗಳ ಮುಖಂಡೆ ಅಂಗಳದಲ್ಲಿ ನಿಂತು ಅಪ್ಪನಿಗೆ ಸ್ಪಷ್ಟವಾಗಿ ಹೇಳಿ ಹೋಗಿದ್ದಳು: “ಶುಕ್ರವಾರ ಗದ್ದಿ ತಯಾರಿರಬೇಕ್ರಿ. ಇಲ್ಲಂದ್ರ ನಾವು ಕಂಪ್ಲಿ ಕಡೆ ಹೊಂಟ್ವಿ. ಮತ್ತ ಹದಿನೈದು ದಿನ ನಮ್ಮ ಹಾದಿ ಕಾಯಬ್ಯಾಡ್ರಿ.” ಹದಿನೈದು ದಿನ ಕಾದರೆ ಆ ಸಸಿಯನ್ನು ದನಗಳ ಮುಂದೆ ಹಾಕಬಹುದಿತ್ತು, ಅಷ್ಟೆ.

ಅಂದು ಸೋಮವಾರ.

೧. ಇದಕ್ಕೆ ಮೊದಲು ಕೈ ಹಚ್ಚಿದವರು

ಮೊದಲು ಬಂದವರು ಕಂಪ್ಲಿಯ ಮೆಕ್ಯಾನಿಕ್ಕು. ಬೈಕಿನಿಂದ ಇಳಿಯುವ ಮೊದಲೇ ಕೇಳಿದರು: “ಡೀಸೆಲ್ ಐತೇನ್ರಿ?”

ಅಪ್ಪನಿಗೆ ಅವಮಾನವಾಯಿತು. “ಅಷ್ಟೂ ಗೊತ್ತಾಗದವ್ರೇನ್ರಿ ನಾವು?”

ಮೆಕ್ಯಾನಿಕ್ಕು ಆ ಮಾತನ್ನು ನಂಬದೆ, ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಳಗೆ ಕಡ್ಡಿ ಅದ್ದಿ ನೋಡಿ, ಮುಚ್ಚಿದರು. ಆಮೇಲೆ ಇಂಜಿನ್ನಿನ ಪಕ್ಕ ಕುಕ್ಕರಗಾಲಲ್ಲಿ ಕುಳಿತು ನೋಡಿದವರೇ ಹಣೆ ಚಚ್ಚಿಕೊಂಡರು.

“ಯಾವ ಪುಣ್ಯಾತ್ಮರೀ ಇದಕ್ಕ ಮೊದ್ಲು ಕೈ ಹಚ್ಚಿದ್ದು? ನಟ್ ಹಿಂಗ ಬಿಗಿತಾರೇನು? ಪೈಪಿಗೆ ಸೈಕಲ್ ಟ್ಯೂಬ್ ಸುತ್ತ್ಯಾನ ನೋಡ್ರಿ, ಸೈಕಲ್ ಟ್ಯೂಬ್! ಇಂಥವ್ರಿಂದನ ನಮ್ಮ ಕಸುಬಿನ ಮರ್ಯಾದಿ ಹೋಗೋದು.”

ಅಪ್ಪ ಸಂಕೋಚದಿಂದ ಕೆಮ್ಮಿದರು. “ಹೋದ ವರ್ಸ ನೀವ ಬಂದಿದ್ರಲ್ಲ್ರಿ…”

ಮೆಕ್ಯಾನಿಕ್ಕು ಟ್ಯೂಬನ್ನು ಮತ್ತೊಮ್ಮೆ, ಈ ಸಲ ಪ್ರೀತಿಯಿಂದ, ಸವರಿದರು. “ಆದ್ರೂ ಎಷ್ಟು ಗಟ್ಟಿ ಐತಿ ನೋಡ್ರಿ ಇನ್ನೂ!”

ಆಮೇಲೆ ಫಿಲ್ಟರು ತೊಳೆದರು, ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡಿದ್ದ ಗಾಳಿ ತೆಗೆದರು, ಹ್ಯಾಂಡಲ್ ಹಾಕಿ ತಿರುಗಿಸಿದರು. ಇಂಜಿನ್ ಚಾಲೂ ಆಯಿತು. ಮೆಕ್ಯಾನಿಕ್ಕು ಜಯಶಾಲಿಯಾಗಿ ಹೊರಟರು. ಹತ್ತು ನಿಮಿಷಕ್ಕೆ ಇಂಜಿನ್ ಗೊರಗೊರ ಎಂದು ಉಸಿರು ಬಿಟ್ಟಿತು. ಎಷ್ಟು ತಿರುಗಿಸಿದರೂ ಮತ್ತೆ ಏಳಲಿಲ್ಲ. ಅಪ್ಪ ಫೋನು ಮಾಡಿದರೆ ಆ ಕಡೆಯಿಂದ ಸಮಾಧಾನ ಬಂತು: “ಹತ್ತು ನಿಮಿಷ ಓಡ್ತಲ್ಲ್ರಿ? ಅಂದ್ರ ಇಂಜಿನ್ ಚೊಲೋ ಐತಿ ಅಂತ ಗ್ಯಾರಂಟಿ ಆತು.”

೨. ಗಣಿಯ ಶಿಸ್ತು

ಮಂಗಳವಾರ ಸಂಡೂರಿನಿಂದ ನನ್ನ ಸೋದರಮಾವ ಬಂದರು. ಗಣಿಯಲ್ಲಿ ಮನೆಯಷ್ಟೆತ್ತರದ ಲಾರಿಗಳನ್ನು ಓಡಿಸಿ ನಿವೃತ್ತರಾದವರು. ಎದೆಯೆತ್ತರದ ಈ ಯಂತ್ರವನ್ನು ಅವರು ನೋಡಿದ ನೋಟದಲ್ಲಿ ಕರುಣೆಯಿತ್ತು.

“ಭಾವ, ಡೀಸೆಲ್ ಐತಿಲ್ಲೋ?”

“ಐತಪ್ಪಾ!” ಎಂದು ಅಪ್ಪ ಕೂಗಿದರು. ಮಾವನೂ ಮುಚ್ಚಳ ತೆಗೆದು ಇಣುಕಿ ನೋಡಿಯೇ ನಂಬಿದರು.

“ನಿಮ್ಮಲ್ಲಿ ಇಲ್ಲದ್ದು ರಿಪೇರಿ ಅಲ್ಲ, ಸೇಫ್ಟಿ. ಅದ ಪ್ರಾಬ್ಲಮ್ಮು” ಎಂದು ಘೋಷಿಸಿ, ಅಮ್ಮನ ರಂಗೋಲಿ ಡಬ್ಬಿ ತರಿಸಿ, ಟ್ರ್ಯಾಕ್ಟರಿನ ಸುತ್ತ ಒಂದು ಗೆರೆ ಎಳೆದರು. ಗೆರೆಯೊಳಗೆ ಯಾರೂ ಬರಕೂಡದು. ಗಾಲಿಗಳಿಗೆ ಕಲ್ಲು ಕೊಟ್ಟರು. ಅಪ್ಪನ ಕೆಂಪು ಟವೆಲ್ಲನ್ನು ಕೋಲಿಗೆ ಕಟ್ಟಿ ನಿಲ್ಲಿಸಿದರು. ಕಾಲು ಗಂಟೆ, ಯಂತ್ರ ಹಠಾತ್ತನೆ ಚಲಿಸಿದರೆ ಆಗಬಹುದಾದ ಅನಾಹುತಗಳ ಕುರಿತು ಉಪನ್ಯಾಸ ಕೊಟ್ಟರು. ಹಿಂದಿನ ದಿನದಿಂದ ಅದು ಹಠಾತ್ತನೆ ಚಲಿಸಲಿ ಎಂದೇ ನಾವೆಲ್ಲ ಹರಕೆ ಹೊತ್ತಿದ್ದೆವು. ಕೊನೆಗೆ ಸೀಟಿ ಊದಿ, ಗಂಭೀರವಾಗಿ ಆಸನವನ್ನೇರಿ, ಬಲಗೈಯಿಂದ ಏನನ್ನೋ ತಡಕಾಡತೊಡಗಿದರು.

“ಕೀ ಎಲ್ಲಿ?”

“ಇದಕ್ಕ ಕೀ ಇಲ್ಲ ಮಾವ” ಎಂದೆ. “ಮುಂದ ನಿಂತು ಹ್ಯಾಂಡಲ್ ತಿರುಗಿಸಬೇಕು.”

“ಹೌದೇನು?” ಎಂದ ಮಾವ ಅಷ್ಟೇ ಗಂಭೀರವಾಗಿ ಕೆಳಗಿಳಿದು ಗೆರೆಯ ಹೊರಗೆ ಬಂದರು. “ಹಂಗಾರ ಭಾವ ತಿರುಗಿಸ್ಲಿ. ನಾನು ಸುಪರ್ವೈಸ್ ಮಾಡ್ತೀನಿ.”

ಅಪ್ಪ ತಿರುಗಿಸಿದರು. ಚಾಲೂ ಆಯಿತು! ಬಾಳೆತೋಟ ದಾಟಿ ಗದ್ದೆಯ ಅಂಚಿಗೆ ಹೋಗಿ, ಒಂದು ಸುತ್ತು ಕೆಸರು ಹೊಡೆದು, ಮೊಣಕಾಲುದ್ದ ನೀರಿನ ನಡುವೆ ನಿಂತಿತು. ಅಲ್ಲಿಂದ ಅದನ್ನು ಹಗ್ಗ ಹಾಕಿ ಮೇಲೆಳೆದು ಅಂಗಳಕ್ಕೆ ತರಲು ಎಂಟು ಜನ ಬೇಕಾಯಿತು. ಮೈತುಂಬ ಕೆಸರು ಮೆತ್ತಿಕೊಂಡು ಬಂದ ಅಪ್ಪನ ಬೆನ್ನು ತಟ್ಟಿ ಮಾವ ಹೇಳಿದರು: “ಏನ ಆಗ್ಲಿ ಭಾವ, ಅಪಘಾತ ಮಾತ್ರ ಆಗ್ಲಿಲ್ಲ ನೋಡು.”

೩. ನಾಲ್ಕು ನಿಂಬೆಹಣ್ಣು

ಬುಧವಾರ ಬೆಳಿಗ್ಗೆ ಕಡ್ಡಿರಾಂಪುರದಿಂದ ಅಪ್ಪನ ಅಕ್ಕ ಬಂದರು. ಅತ್ತೆಗೆ ಯಂತ್ರಶಾಸ್ತ್ರದಲ್ಲಿ ಒಂದೇ ರೋಗ ಗೊತ್ತು.

“ದೃಷ್ಟಿ ಆಗೇತಿ ಲೇ ತಮ್ಮಾ. ಹೋದ ತಿಂಗಳು ನಿಮ್ಮ ಮಗ್ಗಲ ಮನಿಯಾಕಿ ‘ಇಷ್ಟು ಹಳೇದಾದ್ರೂ ಹೆಂಗ ಓಡ್ತದವ್ವಾ’ ಅಂದ್ಲು. ಅವತ್ತ ನನ್ನ ಎದಿ ಧಸಕ್ ಅಂತು.”

ನಾಲ್ಕು ನಿಂಬೆಹಣ್ಣುಗಳನ್ನು ನಾಲ್ಕು ಗಾಲಿಗಳ ಮುಂದಿಟ್ಟರು. “ಗಾಡಿ ಹೋಗಿ ಇವನ್ನ ತುಳೀಬೇಕು. ಆವಾಗ ದೃಷ್ಟಿ ಇಳದು ಗಾಡಿ ಚಾಲೂ ಆಗ್ತದ.”

“ಅತ್ತೆ, ಚಾಲೂ ಆಗ್ಲಾರದ ಗಾಡಿ ಹೆಂಗ ಹೋಗ್ತದ?” ಎಂದು ಕೇಳಿದೆ.

ಅತ್ತೆ ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದರು. “ಹುಡುಗೀರನ್ನ ಭಾಳ ಓದಸಬ್ಯಾಡ ಅಂದಿದ್ದೆ. ದಬ್ರಿ ಎಲ್ಲಾರೂ!”

ದಬ್ಬಿದೆವು. ಮೂರು ಹಣ್ಣು ಒಡೆದವು. ಹಿಂದಿನ ಎಡಗಾಲಿಯದ್ದು ಜಾರಿ ಚರಂಡಿಗೆ ಉರುಳಿತು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, “ಅಂದಂಗ, ಡೀಸೆಲ್ ಐತಿ ಹೌದಿಲ್ಲೋ?” ಎಂದು ತಾವೇ ಮುಚ್ಚಳ ಬಿಚ್ಚಿ ಮೂಸಿ ನೋಡಿದರು. ಅಪ್ಪ ಈಗ ಉತ್ತರ ಕೊಡುವುದನ್ನೇ ಬಿಟ್ಟಿದ್ದರು. ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ ಒಂದೇ ಸುತ್ತಿಗೆ ಎದ್ದಿತು, ಹನ್ನೆರಡು ನಿಮಿಷ ಓಡಿತು, ನಿಂತಿತು.

“ನೋಡ್ದ್ಯಾ? ಮೂರು ಹಣ್ಣಿಗೇ ಹನ್ನೆರಡು ನಿಮಿಷ ಓಡ್ತು” ಎಂದರು ಅತ್ತೆ.

ಹಣ್ಣೊಂದಕ್ಕೆ ನಾಲ್ಕು ನಿಮಿಷ. ಗದ್ದೆ ಮುಗಿಸಲು ಬೇಕಾಗುವ ಹಣ್ಣುಗಳನ್ನು ಮನಸ್ಸಿನಲ್ಲೇ ಎಣಿಸಿ, ಅಷ್ಟು ಹೊಸಪೇಟೆಯ ಮಾರ್ಕೆಟ್ಟಿನಲ್ಲೂ ಸಿಗಲಾರವೆಂದು ಸುಮ್ಮನಾದೆ.

೪. ನನ್ನ ಪಟ್ಟಿ

ಬುಧವಾರ ಮಧ್ಯಾಹ್ನದ ಹೊತ್ತಿಗೆ ಅಪ್ಪ ಊಟ ಬಿಟ್ಟಿದ್ದರು. ಸಸಿಮಡಿಯ ಅಂಚಿನಲ್ಲಿ ಕುಳಿತು ಸಸಿಗಳನ್ನು ಕೈಯಿಂದ ಸವರುತ್ತಿದ್ದ ಅವರನ್ನು ನೋಡಿ ನನ್ನ ವ್ಯಂಗ್ಯವೆಲ್ಲ ಸ್ವಲ್ಪ ಹೊತ್ತು ಬತ್ತಿತು. ನನಗೆ ಇಂಜಿನ್ನಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಪಟ್ಟಿ ಮಾಡುವುದು ಮಾತ್ರ ಗೊತ್ತಿತ್ತು. ಯಾರು ಬಂದರು, ಏನು ಮಾಡಿದರು, ಎಷ್ಟು ನಿಮಿಷ ಓಡಿತು ಎಂದು ಬರೆದೆ. ಚಿಕಿತ್ಸೆಗಳು ಮೂರೂ ಬೇರೆ. ಫಲ ಒಂದೇ. ಹಾಗಾದರೆ ಮೂವರೂ ಮಾಡಿದ ಒಂದೇ ಕೆಲಸ ಯಾವುದು? ಮೂವರೂ ಅಪ್ಪನ ಮಾತನ್ನು ನಂಬಿರಲಿಲ್ಲ. ಮೂವರೂ ಮುಚ್ಚಳ ತೆಗೆದಿದ್ದರು.

ಹೋಗಿ ನಾನೂ ತೆಗೆದೆ. ‘ಸುಸ್’ ಎಂದು ಸಣ್ಣ ನಿಟ್ಟುಸಿರಿನಂಥ ಸದ್ದು. ಮುಚ್ಚಿ, ಬೇರೇನೂ ಮಾಡದೆ, ಅಪ್ಪನನ್ನು ಕರೆದು ಹ್ಯಾಂಡಲ್ ತಿರುಗಿಸಲು ಹೇಳಿದೆ. ಇಂಜಿನ್ ಎದ್ದಿತು. ಹತ್ತು ನಿಮಿಷಕ್ಕೆ ನಿಂತಿತು. ಈ ಸಲ ಮುಚ್ಚಳವನ್ನು ಸಡಿಲ ಬಿಟ್ಟು ತಿರುಗಿಸಿದೆವು. ಅರ್ಧ ಗಂಟೆಯಾದರೂ ನಿಲ್ಲಲಿಲ್ಲ.

ಮುಚ್ಚಳವನ್ನು ತೊಳೆದು ನೋಡಿದಾಗ ನಟ್ಟನಡುವೆ ಸೂಜಿಮೊನೆಯಷ್ಟು ರಂಧ್ರ ಕಂಡಿತು. ಡೀಸೆಲ್ ಕೆಳಗಿಳಿದಂತೆ ಒಳಗೆ ಗಾಳಿ ಹೋಗಲೆಂದು ಮಾಡಿದ್ದು. ಅದು ಮುಚ್ಚಿಹೋದರೆ ಡೀಸೆಲ್ ಇಳಿಯದೆ ಇಂಜಿನ್ ಉಪವಾಸ ಬೀಳುತ್ತದೆ. ಮುಚ್ಚಿದ್ದು ಬೇರೇನೂ ಅಲ್ಲ: ಪ್ರತಿ ಆಯುಧಪೂಜೆಗೆ ಅಪ್ಪ ಭಕ್ತಿಯಿಂದ ಬಳಿದ ಒದ್ದೆ ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಮುಂದಿನ ವರ್ಷದ ವಿಭೂತಿ. ಸಿಮೆಂಟಿನವರು ಬಂದು ಪಾಠ ಕಲಿಯಬೇಕು, ಹಾಗೆ ಗಟ್ಟಿಯಾಗಿತ್ತು. ಅಲ್ಲಿಯವರೆಗೆ ಬಾಳೆತೋಟಕ್ಕೆ ಹೋಗಿಬರುವಷ್ಟು ಸಣ್ಣ ಓಡಾಟದಲ್ಲಿ ಅದು ಯಾರಿಗೂ ಗೊತ್ತಾಗಿರಲಿಲ್ಲ. ಹೊಲಿಗೆ ಸೂಜಿಯಿಂದ ಚುಚ್ಚಿ ತೆಗೆದೆ.

ಗುರುವಾರ ಸಂಜೆಗೆ ಗದ್ದೆ ತಯಾರಾಯಿತು. ಶುಕ್ರವಾರ ನಾಟಿಯೂ ಆಯಿತು. ಸುದ್ದಿ ತಿಳಿದ ಮೆಕ್ಯಾನಿಕ್ಕು, “ನನ್ನ ರಿಪೇರಿ ಸೆಟ್ ಆಗಾಕ ಮೂರು ದಿನ ಬೇಕಾಗ್ತದ್ರಿ” ಎಂದರು. ಮಾವ ಸೇಫ್ಟಿಯನ್ನು ಮುಂದುವರಿಸಲು ಹೇಳಿದರು. ಅತ್ತೆ ಮಾತ್ರ ನನ್ನ ಸೂಜಿಯನ್ನು ಒಪ್ಪಿಕೊಂಡರು: “ಸೂಜಿಯಿಂದ ದೃಷ್ಟಿ ತೆಗೆಯೋದೂ ಒಂದು ಪದ್ಧತಿ ಐತಿ.”

೫. ಉಸಿರಿನ ಜಾಗ

ಅಪ್ಪನಿಗೆ ಮಾತ್ರ ನಾನು ಎಲ್ಲವನ್ನೂ ಕ್ರಮವಾಗಿ, ಚಿತ್ರ ಬರೆದು ವಿವರಿಸಿದೆ. ಅವರು ನಡುವೆ ಬಾಯಿ ಹಾಕದೆ ಕೇಳಿದರು. “ಅಂದ್ರ ಇಂಜಿನ್ನಿನ ಉಸಿರು ಇರೋದು ಇಲ್ಲೇನವ್ವಾ?” ಎಂದು ರಂಧ್ರವನ್ನು ಬೆರಳಿನಿಂದ ಮುಟ್ಟಿದರು. ಹೌದೆಂದೆ. “ಇಷ್ಟು ವರ್ಸ ತಿಳೀಲಿಲ್ಲ ನೋಡು” ಎಂದು ಕಣ್ಣು ತೇವ ಮಾಡಿಕೊಂಡರು. ತರ್ಕಕ್ಕೆ ಒಬ್ಬರಾದರೂ ಸಿಕ್ಕಿದರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಆಯುಧಪೂಜೆಗೆ ನಾನು ಹೊಸಪೇಟೆಯಿಂದ ಬರುವುದು ತಡವಾಯಿತು. ಟ್ರ್ಯಾಕ್ಟರು ಮಿಂದು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಹೇಳಿದ್ದು ನೆನಪಿದೆಯೇ ಎಂದು ಅಪ್ಪನನ್ನು ಕೇಳಿದೆ.

“ಮರಿತೀನೇನವ್ವಾ?” ಎಂದರು ಅಪ್ಪ. “ಬ್ಯಾರೆ ಕಡೆ ಎಲ್ಲಾ ಸುಮ್ನ ಒಂದೊಂದು ಬೊಟ್ಟು. ಉಸಿರಿರೋ ಜಾಗ ಅಂತ ನೀನ ಹೇಳಿದ್ಯಲ್ಲ, ವಿಭೂತಿ, ಗಂಧ, ಕುಂಕುಮ ಮೂರೂ ಅಲ್ಲೇ ಏರಿಸೀನಿ.”

ಮರುದಿನ ಬೆಳಿಗ್ಗೆ ಸೂಜಿ ಹಿಡಿದುಕೊಂಡು ಹೋಗಿ ಪರೀಕ್ಷಿಸಿದೆ. ರಂಧ್ರ ಪೂರ್ತಿಯಾಗಿ ಮುಚ್ಚಿತ್ತು.