ಸಾಹೇಬರು ನಮ್ಮ ಮನೆಗೆ ಬಂದದ್ದು

ನಮ್ಮತ್ತೆಗೆ ಹೆದರದವರು ಇಡೀ ಇಂಡಿ ತಾಲೂಕಿನಲ್ಲಿ ಇಬ್ಬರೇ. ಒಬ್ಬರು ಇನ್ನೂ ಹುಟ್ಟಿಲ್ಲ. ಇನ್ನೊಬ್ಬರು ಅವರ ಮನೆಯ ಗಿಣಿ!

ಅತ್ತೆ ಎಂದರೆ ಹೆಂಡತಿಯ ತಾಯಿ ಎಂದುಕೊಳ್ಳಬೇಡಿ. ಆಕೆ ಪಾಪದ ಹೆಂಗಸು. ನಾನು ಹೇಳುತ್ತಿರುವುದು ನನ್ನ ಅಪ್ಪನ ಅಕ್ಕನ ವಿಷಯ. ಈಗ ಎಪ್ಪತ್ತನಾಲ್ಕರ ನಿವೃತ್ತ ಸರ್ಕಾರಿ ನರ್ಸು. ಹಲಸಂಗಿ, ಅಗರಖೇಡ ಎಂದು ಊರೂರು ತಿರುಗಿ ಜೀವನವಿಡೀ ಮಕ್ಕಳ ತೋಳಿಗೆ ಸೂಜಿ ಚುಚ್ಚಿದವರು. ಇಂದಿಗೂ ಇಂಡಿ ಬಸ್ ನಿಲ್ದಾಣದಲ್ಲಿ ಅವರು ಎದುರಾದರೆ ದಪ್ಪ ಮೀಸೆಯ ಗಂಡಸರು ನಮಸ್ಕಾರ ಮಾಡುವ ಮೊದಲು ತಮ್ಮ ಎಡತೋಳನ್ನು ಮುಟ್ಟಿ ನೋಡಿಕೊಳ್ಳುತ್ತಾರೆ. ಅತ್ತೆ ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗಿದೆ? ಒಮ್ಮೆ ಯಾರೋ ಬೀಗರು ಕೇಳಿಯೇಬಿಟ್ಟರಂತೆ. "ಟೈಮ್ ಇದ್ದಿದ್ದಿಲ್ಲ" ಎಂದರಂತೆ ನಮ್ಮತ್ತೆ, ಬಸ್ ತಪ್ಪಿಸಿಕೊಂಡವರು ಹೇಳುವ ಹಾಗೆ!

ಇನ್ನು ಗಿಣಿ. ಆರು ವರ್ಷದ ಹಿಂದೆ ಒಂದು ಬಿರುಗಾಳಿಯ ಸಂಜೆ ಅವರ ಅಂಗಳದ ಬೇವಿನ ಮರದಿಂದ ರೆಕ್ಕೆ ಮುರಿದುಕೊಂಡು ಬಿದ್ದ ಮರಿ ಅದು. ಅತ್ತೆ ಐಸ್‌ಕ್ರೀಮ್ ಕಡ್ಡಿ ಇಟ್ಟು ಬ್ಯಾಂಡೇಜು ಸುತ್ತಿದರು. ರೆಕ್ಕೆ ಕೂಡಿತು, ಆದರೆ ಸೊಟ್ಟಗೆ. ಇನ್ನಿದು ಹಾರುವುದಿಲ್ಲ ಎಂದು ದನದ ಡಾಕ್ಟರು ಹೇಳಿದರು. ಅತ್ತೆ ಅದಕ್ಕೆ 'ಸಾಹೇಬ' ಎಂದು ಹೆಸರಿಟ್ಟರು. "ನೌಕರಿ ತುಂಬಾ ಸಾಹೇಬ್ರ ಸಾಹೇಬ್ರ ಅಂದು ಅವರ ಹಿಂದ ತಿರುಗೇನಿ. ಈಗ ಒಬ್ಬ ಸಾಹೇಬ ನನ್ನ ಹಿಂದ ತಿರುಗಲಿ!"

ತಿರುಗಿತು ಕೂಡ. ಹಗಲೆಲ್ಲ ಪಂಜರದ ಬಾಗಿಲು ತೆರೆದೇ ಇರುತ್ತದೆ. ಸಾಹೇಬರು ಕುಂಟುತ್ತ ಕುಪ್ಪಳಿಸುತ್ತ ಅತ್ತೆಯ ಸೀರೆಯಂಚಿನ ಹಿಂದೆಯೇ ಇರುತ್ತಾರೆ. ಯಾರು ಬಂದರೂ "ತೋಳ ಏರ್ಸು!" ಎಂದು ಅತ್ತೆಯ ಧ್ವನಿಯಲ್ಲೇ ಅಪ್ಪಣೆ ಮಾಡುತ್ತಾರೆ. ಮೀಟರ್ ನೋಡಲು ಬಂದ ಕರೆಂಟಿನವರು ಗಾಬರಿಯಾಗಿ ತೋಳು ಏರಿಸಿಕೊಂಡು ನಿಂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅತ್ತೆಯನ್ನು ಮಾತ್ರ ಅದು "ಏ ಮುದುಕಿ, ಎಲ್ಲಿ ಅದಿ?" ಎಂದು ಕರೆಯುತ್ತದೆ. ಹಾಗೆ ಕರೆದು ಬದುಕಿ ಉಳಿದ ಜೀವ ಅದೊಂದೇ.

ಕಳೆದ ಬೇಸಿಗೆಯಲ್ಲಿ ಅತ್ತೆ ಇದ್ದಕ್ಕಿದ್ದಂತೆ ಘೋಷಿಸಿದರು: "ಬಸವನ ಬಾಗೇವಾಡಿಗೆ ಹೊಂಟೇನಿ. ಗೆಳತಿ ಮನ್ಯಾಗ ಕಾರ್ಯಕ್ರಮ ಐತಿ. ನಾಕ ದಿನ. ಸಾಹೇಬನ್ನ ಯಾರರ ನೋಡ್ಕೋಬೇಕು."

ನಾವೇನು ತಿಳಿದೆವು? ಯಾರಾದರೊಬ್ಬರು ಪಂಜರ ತಂದಿಟ್ಟುಕೊಂಡು ನಾಲ್ಕು ಕಾಳು ಹಾಕಿದರಾಯಿತು ಎಂದು. ಅಯ್ಯೋ! ಕಲೆಕ್ಟರ್ ಹುದ್ದೆಗೂ ಅಂಥ ಸಂದರ್ಶನ ನಡೆದಿರಲಿಕ್ಕಿಲ್ಲ. ಸಿಂದಗಿಯ ಕಾಕಾ ಮೊದಲ ಸುತ್ತಿನಲ್ಲೇ ಬಿದ್ದರು. "ನಿನ್ನ ಮನ್ಯಾಗ ಮುಂಜಾನಿಂದ ಟೀವಿ ಧಾರಾವಾಹಿ. ಆ ಹೆಂಗಸ್ರ ಅಳೂದ ಕೇಳಿ ಕೇಳಿ ಸಾಹೇಬ ಸೊರಗ್ತಾನ." ಪಕ್ಕದ ಮನೆಯ ನಿವೃತ್ತ ಮಾಸ್ತರರು ತಾವಾಗಿಯೇ ಮುಂದೆ ಬಂದರು. "ನೀವು ಛಲೋ ಮಂದಿ ಖರೆ, ಆದ್ರ ನನಗಿಂತಾ ಎರಡ ವರ್ಷ ದೊಡ್ಡವ್ರು" ಎಂದು ಅವರನ್ನೂ ತಿರಸ್ಕರಿಸಿದರು. ನಾಲ್ಕು ದಿನದಲ್ಲಿ ಮಾಸ್ತರರು ಅದೆಷ್ಟು ಮುದುಕರಾಗಿಬಿಡುತ್ತಿದ್ದರೋ!

ಕೊನೆಗೆ ಮುದ್ದೇಬಿಹಾಳದಲ್ಲಿದ್ದ ನನಗೆ ಇಂಡಿಗೆ ಬುಲಾವು ಬಂತು.

"ನಿನಗ ವಯಸ್ಸ ಎಷ್ಟು?"

"ನಲವತ್ತೊಂದ್ರಿ ಅತ್ತಿ."

"ಬಿಪಿ ಐತೇನು?"

"ಇಲ್ರಿ. ನಾಕ ದಿನ ಗಿಣಿ ಇಟ್ಕೊಳ್ಳಾಕ ನನ್ನ ಬಿಪಿ ಯಾಕ ಬೇಕ್ರಿ?"

"ಕೇಳಿದ್ದಕ್ಕಷ್ಟ ಉತ್ತರಾ ಹೇಳು. ಬದಲಿ ಆಗಿ ಬ್ಯಾರೆ ಊರಿಗೆ ಹೋಗಾವ ಅದೀಯೇನು?"

"ಇಲ್ರಿ. ಸ್ವಂತ ಮನಿ ಕಟ್ಟೇನಿ, ಇನ್ನೆಲ್ಲಿ ಹೋಗ್ಲಿ?"

ಅತ್ತೆ ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದರು. ನನ್ನ ಕೈ ತಾನಾಗಿಯೇ ಎಡತೋಳಿನ ಮೇಲೆ ಹೋಯಿತು. "ಆತು. ನೀನ ನೋಡ್ಕೋ."

ಮುಂದಿನ ಸೋಮವಾರ ಎರಡು ಬಸ್ ಬದಲಿಸಿ ಪಂಜರದೊಂದಿಗೆ ನಮ್ಮ ಮನೆಗೆ ಬಂದಿಳಿದರು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನ ಮೇಲೆ ಟವೆಲ್ ಹಾಸಿ ಪಂಜರ ಇಟ್ಟಿದ್ದರಂತೆ. "ಇದು ಯಾರ ಸೀಟ್ರಿ?" ಎಂದು ಕೇಳಿದ ಕಂಡಕ್ಟರಿಗೆ "ಸಾಹೇಬ್ರದು" ಎಂದರಂತೆ. ಆ ಬಡಪಾಯಿ ಯಾವುದೋ ದೊಡ್ಡ ಅಧಿಕಾರಿ ಇರಬೇಕೆಂದು ಮುದ್ದೇಬಿಹಾಳದ ತನಕ ಹಿಂದೆ ಮುಂದೆ ಹುಡುಕಿದನಂತೆ.

ಸಾಹೇಬರ ಜೊತೆಗೆ ನಾಲ್ಕು ಪುಟದ ಆದೇಶವೂ ಬಂತು. ಮುಂಜಾನೆ ನೆನೆಸಿದ ಕಡಲೆ, ಹತ್ತಕ್ಕೆ ಪೇರಲ ಹಣ್ಣು, ಮಧ್ಯಾಹ್ನ ಗರಿಗರಿ ಕಟಕ ರೊಟ್ಟಿಯ ಚೂರು, ಸಂಜೆ ಒಂದು ಹಸಿಮೆಣಸಿನಕಾಯಿ. ಕೊನೆಯಲ್ಲಿ ಕೆಂಪು ಶಾಯಿಯ ಸಾಲು: 'ಪಂಜರದ ಬಾಗಿಲು ಹಾಕಕೂಡದು. ಮನೆಯ ಬಾಗಿಲು ತೆಗೆಯಕೂಡದು.' ಓದಿದ ನನ್ನ ಹೆಂಡತಿ, "ನನ್ನ ಬಾಣಂತನದಾಗೂ ಇಷ್ಟ ಆರೈಕಿ ಆಗಲಿಲ್ಲ" ಎಂದು ನಿಟ್ಟುಸಿರು ಬಿಟ್ಟಳು.

ಅತ್ತೆ ಬಾಗೇವಾಡಿ ಬಸ್ ಹತ್ತಿದರು. ಸಾಹೇಬರು ಬಾಯಿ ಮುಚ್ಚಿದರು. ಮಾತೂ ಇಲ್ಲ, ಊಟವೂ ಇಲ್ಲ. ಕಡಲೆ ಉಬ್ಬಿ ಮೊಳಕೆ ಬಂತು. ರೊಟ್ಟಿಗೆ ಇರುವೆ ಮುತ್ತಿತು. ನಾನು ಪಂಜರದ ಮುಂದೆ ಕೂತು ಪೇರಲ ಹಣ್ಣನ್ನು ಚಪ್ಪರಿಸಿ ತಿಂದು ತೋರಿಸಿದೆ. ಸಾಹೇಬರು ನನಗೆ ಬೆನ್ನು ತಿರುಗಿಸಿ ಕೂತರು.

ದಿನಕ್ಕೆ ಮೂರು ಸಲ ಫೋನು. "ತಿಂದನೇನು?"

"ತಿನ್ನಾಕತ್ತಾರ್ರಿ, ಹೊಟ್ಟಿ ತುಂಬ." ನೋಡಿ, ಸುಳ್ಳಿಗೆ ಎಷ್ಟು ಗೌರವ!

ಎರಡನೇ ದಿನ ಅತ್ತೆ ನನ್ನನ್ನು ಮೂಲೆಗೆ ಒತ್ತಿದರು. "ಸಾಹೇಬನ ಕಡೆ ಫೋನ್ ಕೊಡು. ಅವನ ಧ್ವನಿ ಕೇಳಬೇಕು."

ಏನು ಮಾಡಲಿ? ಮೂಗು ಹಿಡಿದುಕೊಂಡು, ಕೀರಲು ಧ್ವನಿಯಲ್ಲಿ ನಾನೇ ಉಲಿದೆ: "ಅತ್ತೀ, ಊಟಾತ್ರೀ?"

ಆ ಕಡೆಯಿಂದ ಅತ್ತೆ ಗದರಿದರು:

"ಲೇ, ನನ್ನ ಗಿಣಿ ನನಗ 'ರಿ' ಹಚ್ಚಿ ಮಾತಾಡೂದಿಲ್ಲ. ಮತ್ತ ನಿನ್ನ ಮೂಗ ಕಟ್ಟೇತಿ. ಬಿಸಿನೀರ ಕುಡಿ."

ಮೂರನೇ ದಿನ ಸಂಜೆ ಹಾಲಿನವರು ಬಂದಾಗ ಹೆಂಡತಿ ಬಾಗಿಲು ತೆಗೆದಳು. ಐದು ನಿಮಿಷದ ಮೇಲೆ ನೋಡಿದರೆ ಪಂಜರ ಖಾಲಿ!

ಮಂಚದ ಕೆಳಗೆ, ಕಪಾಟಿನ ಹಿಂದೆ, ಒಲೆಯ ಸಂದಿಯಲ್ಲಿ ಹುಡುಕಿದೆವು. ಎಲ್ಲಿಯೂ ಇಲ್ಲ. ಹಾರಲಾರದ ಹಕ್ಕಿ, ಎರಡು ದಿನದ ಉಪವಾಸ, ಬೀದಿ ತುಂಬ ಬೆಕ್ಕು ನಾಯಿ. ಚಪ್ಪಲಿ ಮೆಟ್ಟುವುದಕ್ಕೂ ನೆನಪಾಗದೆ ಬೀದಿಗೆ ಓಡಿದೆ. ನಲವತ್ತೊಂದು ವರ್ಷದ ಗಂಡಸು "ಸಾಹೇಬ್ರೇ! ಸಾಹೇಬ್ರೇ!" ಎಂದು ಕೂಗುತ್ತ ಗಟಾರಗಳಲ್ಲಿ ಇಣುಕುವುದನ್ನು ಕಂಡು ಓಣಿಯವರು ಏನು ತಿಳಿದುಕೊಂಡರೋ! ಮೊದಮೊದಲು ನನಗೆ ಅತ್ತೆಯ ಭಯ. ಮೂರನೇ ಓಣಿಗೆ ಬರುವ ಹೊತ್ತಿಗೆ ಅತ್ತೆ ಮರೆತೇ ಹೋಗಿ, ಆ ಸೊಟ್ಟ ರೆಕ್ಕೆಯೊಂದೇ ಕಣ್ಣ ಮುಂದಿತ್ತು. ಅದೇ ಹೊತ್ತಿಗೆ ಜೇಬಿನಲ್ಲಿ ಫೋನು!

"ಸಾಹೇಬ ಏನ ಮಾಡಾಕತ್ತಾನ?"

"ಮ... ಮಲಗ್ಯಾರ್ರಿ."

"ಸಂಜಿ ಐದಕ್ಕ? ಜ್ವರ ಬಂದಾವೇನು? ತಡಿ, ನಾಳಿ ಮುಂಜಾನೆ ಬರ್ತೇನಿ."

ಮುಖ ಬಾಡಿಸಿಕೊಂಡು ಮರಳುತ್ತಿದ್ದಾಗ, ನಮ್ಮ ಮನೆಯಿಂದ ಮೂರನೇ ಬಾಗಿಲಿನ ಕಾಯಿಪಲ್ಲೆ ಅಂಗಡಿಯ ಚಾಚಾ ಕೈ ಮಾಡಿ ಕರೆದರು.

"ಸರ್, ನಿಮ್ಮ ಸಾಹೇಬ್ರು ಬಂದು ಅರ್ಧಾ ತಾಸಾತು. ಮೆಣಸಿನಕಾಯಿ ತಪಾಸಣಿ ನಡಿಸ್ಯಾರ."

ಹೌದು! ಹಸಿಮೆಣಸಿನಕಾಯಿ ಬುಟ್ಟಿಯ ನಡುವೆ ಸಾಹೇಬರು ಕೂತಿದ್ದರು. ಎಂಟು ಹತ್ತು ಮೆಣಸಿನಕಾಯಿ ಆಗಲೇ ಹೊಟ್ಟೆ ಸೇರಿದ್ದವು. ಎತ್ತಿ ಎದೆಗೆ ಅಪ್ಪಿಕೊಂಡೆ. ಅವರು ನನ್ನ ಕಿವಿ ಕಚ್ಚಿದರು. ಅಷ್ಟು ಸಿಹಿಯಾದ ಕಡಿತ ಈ ಜನ್ಮದಲ್ಲಿ ಕಂಡಿಲ್ಲ. ಆ ಸಂಜೆಯೇ ನನ್ನ ತಟ್ಟೆಯಿಂದ ರೊಟ್ಟಿಯ ಚೂರೂ ಅವರ ಬಾಯಿಗೆ ಹೋಯಿತು.

ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದರು. ಸುಳ್ಳು ಹೇಳಿ ಸಾಕಾಗಿತ್ತು. ಉಪವಾಸದಿಂದ ಮೆಣಸಿನಕಾಯಿಯ ತನಕ ಎಲ್ಲ ಒಪ್ಪಿಕೊಂಡೆ. ಬೈಗುಳಕ್ಕೆ ತಲೆ ತಗ್ಗಿಸಿ ನಿಂತೆ. ಅತ್ತೆ ನನ್ನನ್ನು ಬಿಟ್ಟು ನನ್ನ ಹೆಂಡತಿಯನ್ನು ಕೇಳಿದರು: "ಹುಡುಕೂವಾಗ ಇಂವಾ ಹ್ಯಾಂಗಿದ್ದ?"

"ಬರಿಗಾಲಾಗ ಓಡಿದ್ರು ಅತ್ತಿ. ಸಿಕ್ಕ ಮ್ಯಾಲೆ ಬಚ್ಚಲಮನ್ಯಾಗ ಹೋಗಿ ಅತ್ತ್ರು. ನಳಾ ಬಿಟ್ಕೊಂಡು."

ನನ್ನ ಮಾನ ಹರಾಜಾಯಿತು. ಅತ್ತೆ ಮಾತ್ರ ಹಗುರಾಗಿ ಉಸಿರು ಬಿಟ್ಟು ಕುರ್ಚಿಯಲ್ಲಿ ಕೂತರು.

"ಬಾಗೇವಾಡಿ ಕಾರ್ಯಕ್ರಮಾ ಅರ್ಧಕ್ಕ ಬಿಟ್ಟ ಬಂದ್ರೇನ್ರಿ?" ಎಂದೆ, ಮಾತು ತಪ್ಪಿಸಲು.

"ಯಾವ ಕಾರ್ಯಕ್ರಮಾ? ಗೆಳತಿ ಮನ್ಯಾಗ ಸುಮ್ಮ ಫೋನ್ ಹಿಡ್ಕೊಂಡ ಕುಂತಿದ್ದೆ." ಸಾಹೇಬರು ಅಷ್ಟರಲ್ಲಿ ಅವರ ಮಡಿಲು ಹತ್ತಿದ್ದರು. ಆ ಸೊಟ್ಟ ರೆಕ್ಕೆಯ ಮೇಲೆ ಬೆರಳಾಡಿಸುತ್ತ, ನನ್ನ ಕಡೆ ನೋಡದೆ ಅತ್ತೆ ಹೇಳಿದರು: "ಗಿಣಿ ಇಪ್ಪತ್ತೈದ ವರ್ಷ ಬದುಕತಾವಂತ, ದನದ ಡಾಕ್ಟರ್ ಹೇಳಿದ. ಇವಂಗೀಗ ಆರು. ನನಗ ಎಪ್ಪತ್ತನಾಲ್ಕು. ನೀನ ಲೆಕ್ಕಾ ಮಾಡು."

ನನಗೆ ಲೆಕ್ಕ ಮಾಡಲಾಗಲಿಲ್ಲ. "ನಿಮಗೇನಾಗೇತ್ರಿ ಅತ್ತಿ, ನೀವು ನೂರ ವರ್ಷ..." ಎಂದು ಶುರು ಮಾಡಿದೆ.

"ಸಮಾಧಾನದ ಮಾತ ನಾ ಭಾಳ ಮಂದಿಗೆ ಹೇಳೇನಿ, ನನಗ ಹೇಳಬ್ಯಾಡ." ಆಮೇಲೆ, ಜೀವಮಾನದಲ್ಲಿ ಯಾರಿಗೂ ಅಪ್ಪಣೆ ಮಾಡದೆ ಮಾತಾಡಿ ಗೊತ್ತಿಲ್ಲದ ನಮ್ಮತ್ತೆ ಮೆಲ್ಲಗೆ ಕೇಳಿದರು: "ಇಟ್ಕೊಂತೀಯೇನಪಾ?"

"ಇಟ್ಕೊಂತೇನ್ರಿ" ಎಂದೆ. ಛಾ ಮಾಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಹಿಂದಿನಿಂದ ಹಳೆಯ ಧ್ವನಿ ಕೇಳಿತು:

"ಲೇ, ಸಕ್ಕರಿ ಅರ್ಧಾ ಚಮಚಾ ಹಾಕು! ಇನ್ನಾ ಭಾಳ ವರ್ಷ ಇರೂದೈತಿ ನಾ."

ಅರ್ಧ ಚಮಚ ತೆಗೆದುಕೊಂಡೆ. ಕಪ್ಪಿಗೆ ಹಾಕುವ ಮುಂಚೆ ಅದರಲ್ಲೂ ಸ್ವಲ್ಪ ಡಬ್ಬಿಗೆ ಮರಳಿ ಸುರಿದೆ.