ನನ್ನ ಬಿಸ್ಕತ್ತು, ಹರಿಹರದ ಅತ್ತೆ

ಸುಮ್ಮನೆ ಒಲೆ ಮುಂದೆ ನಿಂತರೂ ನಗೆಪಾಟಲು ಹುಡುಕಿಕೊಂಡು ಬರುವಂಥವರು ಕೆಲವರಿರುತ್ತಾರೆ. ನಾನು ಆ ಪೈಕಿ. ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಮ್ಮ ಮನೆ. ಅಲ್ಲಿ ನಾನು ಬಿಸ್ಕತ್ತು ಮಾಡುತ್ತೇನೆ. ಕರೆಂಟಿನ ಬೀಟರ್ ಇಲ್ಲ, ಬೇಕೂ ಇಲ್ಲ. ಪರಾತಕ್ಕೆ ಬೆಣ್ಣೆ, ಸಕ್ಕರೆಪುಡಿ ಹಾಕಿ ಅಂಗೈಯಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ, ಹಗುರ ಮಾಡುತ್ತೇನೆ. ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ, ಇಷ್ಟು ಚೆನ್ನಾಗಿ ಮಾಡುವವರು ನಮ್ಮ ಬಡಾವಣೆಯಲ್ಲಿ ಇನ್ನೊಬ್ಬರಿಲ್ಲ. ತಿಂದವರೆಲ್ಲ ಒಪ್ಪಿದ್ದಾರೆ. ತಿನ್ನದವರು ಹರಿಹರದ ನಮ್ಮ ಅತ್ತೆ ಒಬ್ಬರೇ. ಬಿಸ್ಕತ್ತು ಅಂದರೆ ಬೇಕರಿ, ಬೇಕರಿ ಅಂದರೆ ಮೊಟ್ಟೆ ಅನ್ನುವುದು ಅವರ ಲೆಕ್ಕ. ಮೊಟ್ಟೆಯ ನೆರಳೂ ಅವರಿಗಾಗದು. ನಾನು ಮೊಟ್ಟೆ ಹಾಕುವುದಿಲ್ಲ ಎಂದರೂ ನಂಬುವುದಿಲ್ಲ. ಅವರ ಬಾಯಿಗೆ ನನ್ನ ಒಂದು ಬಿಸ್ಕತ್ತು ಸೇರಬೇಕು, ಇದೇ ನನ್ನ ಹಟ.

ಆವರಗೆರೆಯ ಹೋಟೆಲು

ಪದೇ ಪದೇ ಬೆಣ್ಣೆ ಒಯ್ಯುವುದನ್ನು ನೋಡಿ ಅಂಗಡಿಯವನು ಒಂದು ದಿನ ದೋಸೆ ಹೋಟೆಲು ಎಲ್ಲಿ ಹಾಕಿದ್ದೀರಿ ಎಂದು ಕೇಳಿದ. ನಮ್ಮೂರಲ್ಲಿ ಬೆಣ್ಣೆಗೆ ಬೇರೆ ಕೆಲಸ ಇರಬಹುದು ಎಂದು ಯಾರೂ ಯೋಚಿಸುವುದಿಲ್ಲ. ಹೋಟೆಲಿನವರಿಗೆ ದರ ಕಡಿಮೆ ಎಂದೂ ಸೇರಿಸಿದ. ನಾನು ಕಣ್ಣು ಪಿಳುಕಿಸದೆ ಆವರಗೆರೆಯಲ್ಲಿ ಎಂದೆ.

ಮೊನ್ನೆ ಹೋದಾಗ ತಕ್ಕಡಿಗೆ ಬೆಣ್ಣೆ ಹಾಕುತ್ತಾ, "ನಿಮ್ಮ ಹೋಟ್ಲಿಗೆ ಹೋಗಿದ್ದೆರಿ. ದೋಸಿ ಪರವಾಗಿಲ್ಲ, ಚಟ್ನಿ ಸ್ವಲ್ಪ ಸುಧಾರ್ಸ್ರಿ" ಅಂದ.

ಆಗಲಿ ನೋಡ್ತೀನಿ ಅಂದೆ.

ತೋಳಿನ ಅಳತೆ

ನಮ್ಮ ರವಿಕೆ ಹೊಲಿಯುವ ಸಾಹೇಬರು ಅಳತೆ ತೆಗೆಯುವಾಗ ಟೇಪನ್ನು ಬಲತೋಳಿಗೆ ಸುತ್ತಿದರು, ಎಡತೋಳಿಗೆ ಸುತ್ತಿದರು, ಮತ್ತೆ ಬಲಕ್ಕೆ ಬಂದರು. ಬಲಗೈ ದಪ್ಪ ಐತಲ್ಲ ಅಕ್ಕಾ, ಏನಾದರೂ ಆಟ ಆಡ್ತೀರಾ ಎಂದು ವಿಚಾರಿಸಿದರು. ನನಗೆ ಪದಕ ಕೊರಳಿಗೆ ಬಿದ್ದಷ್ಟು ಹೆಮ್ಮೆಯಾಯಿತು. ಬಿಸ್ಕತ್ತಿಗೆ ಬೆಣ್ಣೆ ತಿಕ್ಕಿ ತಿಕ್ಕಿ ಬಂದ ತೋಳು ಇದು ಎಂದು ಪೂರ್ತಿ ಕಥೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

"ಎಡಗೈಲೂ ಒಂಚೂರು ತಿಕ್ರಿ ಅಕ್ಕಾ," ಅಂದರು. "ನನಗೆ ಹೊಲಿಯಾಕೆ ಆಸಾನ್ ಆಗ್ತೈತಿ."

ಅತ್ತೆಯ ಮುಂದೆ

ಹರಿಹರಕ್ಕೆ ಹೋದಾಗಲೆಲ್ಲ ಡಬ್ಬಿ ತುಂಬ ಬಿಸ್ಕತ್ತು ಒಯ್ಯುತ್ತಿದ್ದೆ. ಎಲ್ಲ ಒಂದೇ ಸಮ, ಗುಂಡಗೆ, ಹೊಂಬಣ್ಣ. ಅತ್ತೆ ಒಂದನ್ನು ಎತ್ತಿ ತಿರುಗಿಸಿ ನೋಡಿ, ಇಷ್ಟು ಚಂದ ಕೈಯಾಗೆ ಬರಾಕಿಲ್ಲ, ಬ್ಯಾಡ ಎಂದು ಡಬ್ಬಿಗೇ ಹಾಕುತ್ತಿದ್ದರು. ನಾನು ಇನ್ನಷ್ಟು ಚಂದ ಮಾಡಿದೆ. ಅವರಿಗೆ ಇನ್ನಷ್ಟು ಅನುಮಾನ ಬಂತು.

ಕೊನೆಗೆ ಪರಾತ, ಹಿಟ್ಟು, ಬೆಣ್ಣೆ ಕಟ್ಟಿಕೊಂಡು ಹರಿಹರದ ಬಸ್ಸು ಹತ್ತಿದೆ. ಅತ್ತೆಯನ್ನು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವರ ಕಣ್ಣೆದುರೇ ತೋಳು ಬೀಳುವಂತೆ ತಿಕ್ಕಿದೆ. ಅಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಮೇಲೆ ಬಿಸ್ಕತ್ತು ಜೋಡಿಸಿದ ತಟ್ಟೆ ಇಟ್ಟು ಮುಚ್ಚಿದೆ. ಗುರುತಿಲ್ಲದ ಒಲೆ, ಉರಿ ಅಂದಾಜು ಸಿಗಲಿಲ್ಲ. ವಾಸನೆ ಬಂದು ಮುಚ್ಚಳ ತೆಗೆದರೆ ತಳವೆಲ್ಲ ಕರ್ರಗೆ, ಒಂದರ ಮೇಲೊಂದು ಹತ್ತಿ ಕೂತಿದ್ದವು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಅವನ್ನು ನೋಡಿ ನನಗೇ ಮುದ್ದು ಬರಲಿಲ್ಲ. ಅಳುವೇ ಬಂತು.

ಅತ್ತೆ ಒಂದನ್ನು ಕಿತ್ತು ತಿರುಗಿಸಿ ನೋಡಿದರು. ಬಾಯಿಗೆ ಹಾಕಿಕೊಂಡರು. ಇನ್ನೊಂದು ಕಿತ್ತರು. ಆಮೇಲೆ ಉಳಿದದ್ದನ್ನೆಲ್ಲ ತಟ್ಟೆಗೆ ಸುರಿದು ಪಕ್ಕದ ಮನೆಗೆ ಹೊರಟೇಬಿಟ್ಟರು. ಮಾನ ಹೋಯಿತೆಂದು ನಾನು ಹಿಂದೆ ಓಡಿದೆ. ಪಕ್ಕದ ಮನೆಯಾಕೆ ತಟ್ಟೆ ನೋಡಿ, ತಳ ಸೀದೈತಲ್ರಿ ಅಂದರು.

ಅತ್ತೆ ತಲೆ ಎತ್ತಿ ನಿಂತರು.

"ಮತ್ತೆ? ನಮ್ಮ ಸೊಸಿ ಸ್ವಂತ ಕೈಯಾಗೆ ಮಾಡಿದ್ದು. ಬೇಕರಿಯೋರಿಗೆ ಹಿಂಗ ಸೀಯ್ಸಾಕೆ ಬರ್ತೈತೇನು?"