ಮೂರು ಬೀಳ್ಕೊಡುಗೆ, ಒಂದು ಗ್ರೈಂಡರ್

ಹೊರಡುತ್ತೇನೆ ಎನ್ನುವುದು ಸುಲಭ, ಹೊರಡುವುದೇ ಕಷ್ಟ. ಮೈಸೂರಿನಲ್ಲಿ ನಮ್ಮ ಸೋದರಮಾವನೊಬ್ಬರಿದ್ದರು. ನಮ್ಮ ಮನೆಗೆ ಬಂದಾಗ ಅವರು ಸಂಜೆ ಐದಕ್ಕೆ "ಸರಿ, ನಾನಿನ್ನು ಬರ್ತೀನಿ" ಎಂದು ಎದ್ದು ನಿಂತರೆ ಗೇಟು ದಾಟುತ್ತಿದ್ದುದು ಏಳೂವರೆಗೆ. ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕಾಲಿನಲ್ಲೇ ತಡಕುತ್ತ, ಬಾಗಿಲಲ್ಲಿ ನಿಂತು ಊರಿನ ಸಮಾಚಾರವೆಲ್ಲ ಮುಗಿಸುತ್ತಿದ್ದರು. ಅಮ್ಮ ಅವರ ಎರಡನೆಯ ಕಾಫಿಗೆ ಡಿಕಾಕ್ಷನ್ ಮೊದಲೇ ಎತ್ತಿಡುತ್ತಿದ್ದಳು. ನಾವು ಮಕ್ಕಳು ಒಳಗೆ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಆ ನಗುವಿನ ಪಾಪವೇ ಈಗ ನನ್ನನ್ನು ಸುತ್ತಿಕೊಂಡಿದೆ ಎಂದು ನನ್ನ ಹೆಂಡತಿ ಸುಮನಾ ಹೇಳುತ್ತಾಳೆ. ಯಾಕೆಂದರೆ ಒಂದೇ ವರ್ಷದಲ್ಲಿ ಒಂದೇ ಕಚೇರಿಯಿಂದ ಮೂರು ಸಲ ಬೀಳ್ಕೊಡುಗೆ ಮಾಡಿಸಿಕೊಂಡೂ ಹೊರಡದೆ ಕೂತವನು ನಾನು.

ಜಪಾನಿನ ಕನಗಾವಾದಲ್ಲಿ ಕಾರಿನ ಬ್ರೇಕಿನ ಬಿಡಿಭಾಗ ಮಾಡುವ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಎಂಜಿನಿಯರ್ ಆಗಿದ್ದೇನೆ. ನಮ್ಮದೊಂದು ಕಾರ್ಖಾನೆ ಇಂಗ್ಲೆಂಡಿನಲ್ಲಿದೆ. ಅಲ್ಲಿಗೆ ಮೂರು ವರ್ಷದ ಮಟ್ಟಿಗೆ ಹೋಗುತ್ತೀರಾ ಎಂದು ವಿಭಾಗದ ಮುಖ್ಯಸ್ಥ ಹಯಾಶಿ-ಸಾನ್ ಕೇಳಿದಾಗ, ಮನೆಯಲ್ಲಿ ಯಾರನ್ನೂ ಕೇಳದೆ ಹೂಂ ಎಂದುಬಿಟ್ಟೆ. ಇಂಗ್ಲೆಂಡ್ ಎಂದ ಕೂಡಲೇ ಎದೆ ಉಬ್ಬುವ ಕಾಯಿಲೆ ನಮ್ಮ ಮನೆತನದಲ್ಲೇ ಇದೆ. ಆದರೆ ಅದೇ ಹೊತ್ತಿಗೆ ಬ್ರಿಟನ್ನು ಯುರೋಪಿನ ಒಕ್ಕೂಟ ಬಿಟ್ಟು ಹೊರಡುತ್ತೇನೆ ಎಂದು ಬಾಗಿಲಲ್ಲಿ ಚಪ್ಪಲಿ ತಡಕುತ್ತಿತ್ತು. ಬಿಡುವುದೆಂದು ಜನ ಓಟು ಹಾಕಿ ಆಗಿತ್ತು. ಯಾವ ಷರತ್ತಿನ ಮೇಲೆ ಎಂಬುದಷ್ಟೇ ಬಾಕಿ. ಗಡಿಯಲ್ಲಿ ನಮ್ಮ ಬಿಡಿಭಾಗಗಳಿಗೆ ಸುಂಕ ಬೀಳುತ್ತದೋ ಇಲ್ಲವೋ ತಿಳಿಯದೆ ನನ್ನನ್ನು ಕಳಿಸುವಂತಿರಲಿಲ್ಲ. ಮಾರ್ಚ್ ಕೊನೆಗೆ ಅವರು ಹೊರಗೆ ಬರುತ್ತಾರೆ, ಏಪ್ರಿಲ್‌ನಲ್ಲಿ ನೀವು ಒಳಗೆ ಹೋಗಿ ಎಂದು ಹಯಾಶಿ-ಸಾನ್ ಹೇಳಿದರು.

ಇಲ್ಲಿ ಒಬ್ಬರು ಹೊರಡುತ್ತಾರೆಂದರೆ ವಿಭಾಗದವರೆಲ್ಲ ಸೇರಿ ಊಟ ಹಾಕಿಸುತ್ತಾರೆ. ಉಡುಗೊರೆ ಕೊಡುತ್ತಾರೆ. ಒಂದು ರಟ್ಟಿನ ಮೇಲೆ ಸುತ್ತಲೂ ಒಬ್ಬೊಬ್ಬರೂ ಎರಡು ಸಾಲು ಬರೆದು ಕೈಗಿಡುತ್ತಾರೆ. ಹೊರಡುವವನು ಎದ್ದು ನಿಂತು ಭಾಷಣ ಮಾಡಬೇಕು. ಮಾರ್ಚಿನಲ್ಲಿ ನನಗೂ ಇದೆಲ್ಲ ಆಯಿತು. ಮರದ ಡಬ್ಬಿಯಲ್ಲಿ ಒಂದು ಜೊತೆ ಒಳ್ಳೆಯ ಚಾಪ್‌ಸ್ಟಿಕ್ ಬಂತು. ನನ್ನ ಭಾಷಣದಲ್ಲಿ ಮೊದಲ ದಿನ ತಪ್ಪು ರೈಲು ಹತ್ತಿದ್ದು, ನಾನು ಸಸ್ಯಾಹಾರಿ ಎಂದು ತಿಳಿದು ಪ್ರತಿ ಅನ್ನದುಂಡೆಯ ಒಳಗೇನಿದೆ ಎಂದು ಓದಿ ಹೇಳಿದ ಕೊಂಬಿನಿ ಅಂಗಡಿಯ ಅಜ್ಜಿ, ಮಗಳು ತನ್ವಿ ಮನೆಯೊಳಗೂ ಬಗ್ಗಿ ನಮಸ್ಕರಿಸುವುದು, ಎಲ್ಲ ಬಂತು.

ಮರುದಿನವೇ ನಾನು ಗ್ರೈಂಡರ್ ದಾನ ಮಾಡಿದೆ. ಊರಿನಿಂದ ತಂದ ಕಲ್ಲಿನ ಗ್ರೈಂಡರ್, ಇಲ್ಲಿನ ಕರೆಂಟಿಗೆ ಹೊಂದಿಸಲು ಅದರ ಜೊತೆಗೊಂದು ಟ್ರಾನ್ಸ್‌ಫಾರ್ಮರ್, ಎರಡೂ ಸೇರಿ ಒಂದು ಆಳಿನ ತೂಕ. ಗ್ಯೋಟೋಕುವಿನ ಪ್ರಸಾದ್ ದಂಪತಿ ಬೆಂಗಳೂರಿನಿಂದ ಹೊಸದಾಗಿ ಬಂದಿದ್ದರು. ಅವರಿಗೆ ಕೊಟ್ಟು ಉದಾರಿ ಎನಿಸಿಕೊಂಡೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತಾಯಿತು. ಆ ವಾರವೇ ಬ್ರಿಟನ್ನಿನ ನಾಯಕರು ಗಡುವನ್ನು ಮುಂದಕ್ಕೆ ಹಾಕಿಸಿಕೊಂಡರು, ಸ್ವಲ್ಪ ದಿನಕ್ಕೆ ಇನ್ನೊಮ್ಮೆ ಹಾಕಿಸಿಕೊಂಡರು. ಅಲ್ಲಿಂದ ನಾವು ಹದಿನೈದು ದಿನಕ್ಕೊಮ್ಮೆ ಅಕ್ಕಿ, ಉದ್ದು ನೆನೆಸಿಕೊಂಡು ಎರಡು ರೈಲು ಬದಲಿಸಿ ಗ್ಯೋಟೋಕುವಿಗೆ ಹೋಗಿ, ನಮ್ಮದೇ ಗ್ರೈಂಡರಿಗೆ ನೆಂಟರಾಗಿ, ರುಬ್ಬಿಕೊಂಡು ಬರತೊಡಗಿದೆವು. ಬೇಸಿಗೆಯಲ್ಲಿ ಒಮ್ಮೆ ಹಿಟ್ಟು ರೈಲಿನಲ್ಲೇ ಉಬ್ಬಿ ಮುಚ್ಚಳ ಎತ್ತಿತು. ಪಕ್ಕದಲ್ಲಿದ್ದ ಹೆಂಗಸು ಏನೂ ಆಗಿಲ್ಲವೆಂಬಂತೆ ಎದ್ದು ಬೇರೆ ಬೋಗಿಗೆ ಹೋದಳು. ನಾನು ಖಾಲಿ ಸೀಟಿಗೇ ಸುಮಿಮಾಸೆನ್ ಎಂದು ಕ್ಷಮೆ ಕೇಳಿದೆ.

ಆ ನಾಯಕರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ದಿನಾ ಬೆಳಿಗ್ಗೆ ರೈಲಿನಲ್ಲಿ ಫೋನು ಹಿಡಿದು ಅವರ ಪಾರ್ಲಿಮೆಂಟಿನ ಗದ್ದಲ ನೋಡುತ್ತಿದ್ದೆ. ಒಪ್ಪಂದ ತಂದರೆ ಬೇಡ, ಒಪ್ಪಂದವಿಲ್ಲದೆ ಹೊರಡುವುದೂ ಬೇಡ, ಉಳಿಯುವುದಂತೂ ಬೇಡವೇ ಬೇಡ. ಅಲ್ಲ ಸ್ವಾಮಿ, ಹಾಗಾದರೆ ಬೇಕಾದದ್ದೇನು? ಬೇಡ ಎನ್ನುವುದಕ್ಕೆ ಸಾಲಾಗಿ ಎದ್ದು ಹೋಗಿ ಓಟು ಹಾಕಿ ಬರುವ ಇವರಿಗೆ, ಹೊರಡುವಾಗ ಮನೆಯವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಬೇಕೆಂಬ ಕನಿಷ್ಠ ಜ್ಞಾನ ಬೇಡವೇ? ಸಂಜೆ ಊಟಕ್ಕೆ ಕೂತಾಗಲೂ ನನ್ನ ಬಾಯಲ್ಲಿ ಅದೇ. ಒಂದು ದಿನ ಸುಮನಾ ಸಾರು ಬಡಿಸುತ್ತ, "ನಿಮ್ಮ ದೇಶಾನೂ ಅಲ್ಲ, ನಿಮ್ಮ ಓಟೂ ಅಲ್ಲ. ಬಿಪಿ ಮಾತ್ರ ನಿಮ್ದು ಕಣ್ರೀ" ಎಂದಳು.

ಅಕ್ಟೋಬರಿನಲ್ಲಿ ಹೊರಡುವುದು ಖಂಡಿತ ಎಂದು ಎರಡನೆಯ ಬೀಳ್ಕೊಡುಗೆ ಆಯಿತು. ಈ ಸಲ ಒಂದು ಕೈವಸ್ತ್ರ, ರಟ್ಟಿನ ಮೇಲೆ "ಈ ಬಾರಿ ನಿಜವಾಗಿಯೂ ಶುಭಪ್ರಯಾಣ". ಭಾಷಣ ಹೊಸದಾಗಿ ಎಲ್ಲಿಂದ ತರಲಿ? ಅದನ್ನೇ ಮಾಡಿದೆ. ಗಡುವು ಮತ್ತೆ ಮುಂದಕ್ಕೆ ಹೋಯಿತು. ಮೂರನೆಯದನ್ನು ವರ್ಷಾಂತ್ಯದ ಪಾರ್ಟಿಯ ಜೊತೆಗೇ ಸೇರಿಸಿದರು. ರಟ್ಟಿನ ಮೇಲೆ ಈಗ ಮಾತಿರಲಿಲ್ಲ, ಇಲ್ಲಿ ಸಹಿಯ ಬದಲು ಬಳಸುವ ಹೆಸರಿನ ಮೊಹರನ್ನು ಎಲ್ಲರೂ ಒತ್ತಿದ್ದರು. ಭಾಷಣದಲ್ಲಿ ಕೊಂಬಿನಿಯ ಅಜ್ಜಿಯ ಭಾಗ ಬಂದಾಗ ಹಿಂದಿನ ಸಾಲಿನಲ್ಲಿ ಇಬ್ಬರ ತುಟಿ ನನ್ನ ಜೊತೆಗೇ ಆಡುತ್ತಿತ್ತು. ಉಡುಗೊರೆ ಇಸಿದುಕೊಂಡೂ ಹೊರಡದಿದ್ದರೆ ಮರ್ಯಾದೆ ಏನಾಗಬೇಕೆಂದು ಸುಮನಾ ಪ್ರತಿ ಸಲವೂ ಎಲ್ಲರಿಗೂ ಕೋಡುಬಳೆ ಮಾಡಿ ಕಳಿಸಿದಳು. ಮುಂದಿನ ಬೀಳ್ಕೊಡುಗೆ ಯಾವಾಗ ಎಂದು ಕಚೇರಿಯಲ್ಲಿ ಆಸೆಯಿಂದ ಕೇಳುವವರೂ ಹುಟ್ಟಿಕೊಂಡರು.

ಇಷ್ಟರ ನಡುವೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿಯ ವಿಷಯ ನಾನು ಹೇಳಲೇ ಇಲ್ಲ. ತನ್ವಿ ಆರನೆಯ ತರಗತಿ. ಏಪ್ರಿಲ್‌ಗೆ ಮಿಡ್ಲ್ ಸ್ಕೂಲು ಸೇರಬೇಕು, ಸಮವಸ್ತ್ರಕ್ಕೆ ಅಳತೆ ಕೊಡಬೇಕು. ಸೇರುತ್ತಾಳೆ, ಸೇರುವುದಿಲ್ಲ, ಎರಡರಲ್ಲಿ ಒಂದಕ್ಕೆ ಸುತ್ತು ಹಾಕಿ ಕಳಿಸಿ ಎಂದು ಶಾಲೆಯಿಂದ ಚೀಟಿ ಬಂದಿತ್ತು. ಅವಳೂ ಗೆಳತಿ ಹಿನಾಳೂ ಅಲ್ಲಿನ ಬ್ಯಾಂಡಿಗೆ ಸೇರಿ ಟ್ರಂಪೆಟ್ ಊದುವುದೆಂದು ಎರಡು ವರ್ಷದಿಂದ ಮಾತಾಗಿತ್ತು. ನಾವು ಹೋಗ್ತೀವಾ ಇಲ್ಲವಾ ಎಂದು ಅವಳು ಕೇಳಿದಾಗಲೆಲ್ಲ ನಾನು "ನೋಡೋಣ" ಎನ್ನುತ್ತಿದ್ದೆ. ಚೀಟಿಗೆ ಇನ್ನೊಂದು ವಾರ ಸಮಯ ಕೊಡಿ ಎಂದು ಶಿಕ್ಷಕಿಗೆ ಎರಡು ಸಲ ಬರೆದೆ. ಹಿನಾಳ ಅಳತೆ ಆಗಿಹೋಯಿತೆಂದು ಹೇಳಿದ ದಿನ ತನ್ವಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಜನವರಿ ಕೊನೆಗೆ ಬ್ರಿಟನ್ನು ಕಡೆಗೂ ಗೇಟು ದಾಟಿತು. ಹಯಾಶಿ-ಸಾನ್ ನನ್ನನ್ನು ಕರೆದು, ಸುಂಕದ ಮಾತು ಇನ್ನೂ ಬಾಕಿಯಿದ್ದರೂ ಹೊರಟದ್ದಂತೂ ನಿಜ, ಮುಂದಿನ ತಿಂಗಳೇ ಹೋಗಬಹುದು, ಸೋಮವಾರ ಹೇಳಿ ಎಂದರು. ಸಂತೋಷವಾಗಬೇಕಿತ್ತು. ಆಗಲಿಲ್ಲ. ಮನೆಗೆ ಬಂದು ಸುದ್ದಿ ಹೇಳಿ, ಎಲ್ಲ ಆ ನಾಯಕರಿಂದ ಆದದ್ದು ಎಂದು ಮತ್ತೆ ಶುರು ಮಾಡಿದೆ. ತನ್ವಿ ನನ್ನನ್ನೇ ನೋಡಿದಳು.

"ಅಪ್ಪಾ, ಡು ಯೂ ಈವನ್ ವಾಂಟ್ ಟು ಗೋ?"

ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಭ್ಯಾಸಬಲದಿಂದ "ನೋಡೋಣ" ಎಂದೆ. ಅವಳು ಫ್ರಿಜ್ಜಿನಿಂದ ಚೀಟಿ ಕಿತ್ತು ತಂದು, ಪೆನ್ನಿನಿಂದ "ಸೇರುತ್ತಾಳೆ" ಎಂಬುದಕ್ಕೆ ದೊಡ್ಡ ಸುತ್ತು ಹಾಕಿ, ಸಹಿ ಮಾಡು ಎಂದು ನನ್ನ ತಟ್ಟೆಯ ಪಕ್ಕ ಇಟ್ಟಳು. ಸುಮನಾ ನನ್ನ ಮೊಹರನ್ನು ತಂದು ಚೀಟಿಯ ಮೇಲೆ ಇಟ್ಟಳು. ಬಹುಮತ ಸ್ಪಷ್ಟವಾಗಿತ್ತು. ನಾಚಿಕೆಯೂ ಆಯಿತು, ಹೇಳಲಾರದಷ್ಟು ಹಗುರವೂ ಆಯಿತು. ನಿಜ ಹೇಳಬೇಕೆಂದರೆ ನನಗೆ ಇಂಗ್ಲೆಂಡಿಗೆ ಹೋಗುವುದು ಬೇಕಿರಲಿಲ್ಲ, ಇಂಗ್ಲೆಂಡಿಗೆ ಹೊರಟವನು ಎನಿಸಿಕೊಳ್ಳುವುದು ಬೇಕಿತ್ತು.

ಸೋಮವಾರ ಹಯಾಶಿ-ಸಾನ್ ಮುಂದೆ ಸೊಂಟ ಬಗ್ಗಿಸಿ ಕ್ಷಮೆ ಕೇಳಿ, ಹೋಗುವುದಿಲ್ಲ ಎಂದೆ. ಬೈಗುಳಕ್ಕೆ ಕಾದೆ. ಅವರು ಹಲ್ಲಿನ ಸಂದಿಯಲ್ಲಿ ಉಸಿರೆಳೆದುಕೊಂಡು, ಹೋಗಲು ತಯಾರಿರುವ ಇನ್ನೊಬ್ಬರ ಹೆಸರು ಆಗಲೇ ಬರೆದಿಟ್ಟಿದ್ದೇನೆ ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ.

"ಮೂರು ಭಾಷಣದಲ್ಲಿ ಒಂದರಲ್ಲೂ ನೀವು ಹೋಗುವ ಊರಿನ ಹೆಸರು ಬರಲಿಲ್ಲ," ಎಂದರು. "ನಮಗೆಲ್ಲ ಮೊದಲ ಸಲವೇ ಗೊತ್ತಾಗಿತ್ತು."

ಸಂಜೆ ಗೆದ್ದವನ ಹುಮ್ಮಸ್ಸಿನಲ್ಲಿ ಗ್ಯೋಟೋಕುವಿಗೆ ಫೋನು ಮಾಡಿದೆ. ನಾವು ಇಲ್ಲೇ ಉಳಿಯುತ್ತಿದ್ದೇವೆ, ಹಾಗಾಗಿ ಗ್ರೈಂಡರನ್ನು ಈ ಭಾನುವಾರವೇ ಬಂದು ತೆಗೆದುಕೊಂಡು ಹೋಗಲೇ ಎಂದು ಪ್ರಸಾದ್ ಹೆಂಡತಿಯನ್ನು ಕೇಳಿದೆ. ಆ ಕಡೆ ಗ್ರೈಂಡರ್ ತಿರುಗುವ ಸದ್ದು ಕೇಳುತ್ತಿತ್ತು. ಆಕೆ ಬಹಳ ವಿನಯದಿಂದ ಒಂದೇ ಮಾತು ಹೇಳಿದರು.

"ನೋಡೋಣ ಸರ್."

ಆ ಮಾತಿನ ಅರ್ಥ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ವಾರವೂ ಅಕ್ಕಿ, ಉದ್ದು ನೆನೆಹಾಕಿದ್ದೇನೆ.